ಯಂತ್ರಶಾಲೆಯ ಒಡೆಯರೂ ಊರಿನ ಪಾಠಶಾಲೆಗಳೂ

ವಿದ್ಯಾಶಾಲೆಯೊಂದರಲ್ಲಿ ಕಲಿತು ಹೊರಬಿದ್ದವರಿಗೆ ಅಲ್ಲಿಯ ಪಾಠಗಳಲ್ಲಿ ಎಷ್ಟೋ ಮರೆತುಹೋಗುವುವು. ಆದರೆ ಅದರ ಪಡಸಾಲೆ, ಕಿಟಕಿಯಿಂದ ಮಣೆಯ ಮೇಲೆ ಬೀಳುತ್ತಿದ್ದ ಬೆಳಕು, ಪ್ರಾರ್ಥನೆಗಾಗಿ ಸಾಲಾಗಿ ನಿಲ್ಲುತ್ತಿದ್ದ ಅಂಗಳ, ಇವು ಮುಪ್ಪಿನವರೆಗೂ ಮನಸ್ಸಿನಲ್ಲಿ ಉಳಿಯುವುವು. ಮಾತಿಲ್ಲದೆ ಕಲಿಸುವ ಕಟ್ಟಡವೂ ಒಬ್ಬ ಉಪಾಧ್ಯಾಯಿನಿಯೆಂದೇ ಹೇಳಬಹುದು. ಇಂತಹ ಕಟ್ಟಡಗಳು ಸರಕಾರದ ಧನದಿಂದಲೋ ಜನರ ಚಂದಾದಿಂದಲೋ ಧನಿಕರ ದಾನದಿಂದಲೋ ಏಳುವುವು. ದಾನದಿಂದ ಉಪಕಾರವಾಗುವಂತೆಯೇ ಕೆಲವೊಮ್ಮೆ ಕೇಡೂ ಆಗುವುದುಂಟು. ಕೊಟ್ಟವನು ತಾನು ಕೊಟ್ಟೆನೆಂಬ ಬಲದಿಂದ ಆಳಲು ಬಯಸುವನು. ಪಡೆದವರು ತಮ್ಮ ಬುದ್ಧಿಯನ್ನು ಬದಿಗಿಟ್ಟು ತಲೆದೂಗುವರು. ಕೊಟ್ಟೂ ಆಳದಿರುವ ಬಗೆ ಯಾವುದು? ಈ ಪ್ರಶ್ನೆಗೆ ತನ್ನ ಜೀವಮಾನದಿಂದಲೇ ಉತ್ತರವಿತ್ತ ಒಬ್ಬ ಕಾರ್ಖಾನೆಯ ಅಧ್ಯಕ್ಷರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯಲಾಗಿದೆ. ಅವರು ಅಮೆರಿಕಾ ದೇಶದ ಇಂಡಿಯಾನಾ ಸಂಸ್ಥಾನದ ಕೊಲಂಬಸ್ ಪಟ್ಟಣದವರಾದ ಜೋಸೆಫ್ ಅರ್ವಿನ್ ಮಿಲ್ಲರ್ ಎಂಬವರು.

ಕೊಲಂಬಸ್ ದೊಡ್ಡ ನಗರವಲ್ಲ. ಸಂಸ್ಥಾನದ ರಾಜಧಾನಿಯಾದ ಇಂಡಿಯಾನಾಪೊಲಿಸಿನಿಂದ ದಕ್ಷಿಣಕ್ಕೆ ಸುಮಾರು 45 ಮೈಲಿ ದೂರದಲ್ಲಿ, ಜೋಳದ ಹೊಲಗಳ ನಡುವೆ ಇರುವ ಊರು ಅದು. 1950ರಲ್ಲಿ ಅಲ್ಲಿಯ ಜನಸಂಖ್ಯೆ 20,000ಕ್ಕಿಂತ ಕಡಮೆಯಾಗಿದ್ದಿತು. ಈಗ ಸುಮಾರು 50,000. ಮಿಲ್ಲರವರ ಮುತ್ತಜ್ಜ ಜೋಸೆಫ್ ಅರ್ವಿನ್ ಎಂಬವರು ಆ ಊರಿನಲ್ಲಿ ಬಟ್ಟೆಬರೆಯ ಅಂಗಡಿಯನ್ನಿಟ್ಟು, ನಂಬಿಕೆಗೆ ಪಾತ್ರರಾಗಿ, 1871ರಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ತಾಯಿಯ ತಂದೆ ಜಕರಿ ಸ್ವೀನಿಯವರು ಅದೇ ಊರಿನ ಕ್ರೈಸ್ತ ಸಭೆಯ ಬೋಧಕರಾಗಿದ್ದರು. ತಂದೆಯವರು ಕೆಲಕಾಲ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಬಳಿಕ ಸಂಸ್ಥಾನದ ಉಪರಾಜ್ಯಪಾಲರಾಗಿಯೂ ಸೇವೆ ಸಲ್ಲಿಸಿದವರು. ಹೀಗೆ ಹಣ, ವಿದ್ಯೆ, ದೈವಭಕ್ತಿ ಈ ಮೂರೂ ಒಂದೇ ಮನೆಯಲ್ಲಿ ಕೂಡಿದ್ದ ಕುಟುಂಬದಲ್ಲಿ 1909ನೆಯ ಇಸವಿ ಮೇ 26ರಂದು ನಮ್ಮ ಕಥಾನಾಯಕರು ಜನಿಸಿದರು.

ಆ ಮನೆಯಲ್ಲಿ ಕ್ಲೆಸ್ಸಿ ಕಮಿನ್ಸ್ ಎಂಬ ತರುಣನೊಬ್ಬನು ಮೋಟಾರು ನಡೆಸುವ ಕೆಲಸದಲ್ಲಿದ್ದನು. ಎಂಟನೆಯ ತರಗತಿಯನ್ನು ಮುಗಿಸಿ ಶಾಲೆಯನ್ನು ಬಿಟ್ಟವನಾದರೂ ಯಂತ್ರಗಳ ವಿಷಯದಲ್ಲಿ ಅವನ ಬುದ್ಧಿ ಅತಿ ಚುರುಕಾಗಿದ್ದಿತು. ಜರ್ಮನಿಯ ರುಡಾಲ್ಫ್ ಡೀಸಲ್ ಎಂಬವರು ಕಂಡುಹಿಡಿದಿದ್ದ ಎಂಜಿನು ಅವನ ಮನಸ್ಸನ್ನು ಸೆಳೆಯಿತು. ಪೆಟ್ರೋಲು ಎಂಜಿನಿನಲ್ಲಿ ಇಂಧನಕ್ಕೆ ಬೆಂಕಿ ತಗಲಿಸಲು ವಿದ್ಯುತ್ತಿನ ಕಿಡಿ ಬೇಕು. ಡೀಸಲ್ ಎಂಜಿನಿನಲ್ಲಿ ಕಿಡಿಯ ಗೊಡವೆಯಿಲ್ಲ. ಗಾಳಿಯನ್ನು ಬಲವಾಗಿ ಒತ್ತಿ ಸಣ್ಣ ಜಾಗದಲ್ಲಿ ಹಿಡಿದಾಗ ಅದು ತಾನಾಗಿ ಕಾಯುವುದು; ಆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಸಿಂಪಡಿಸಿದೊಡನೆ ಅದು ಹೊತ್ತಿಕೊಂಡು ಎಂಜಿನನ್ನು ನಡೆಸುವುದು. ಇದರಿಂದ ಎಣ್ಣೆಯ ಖರ್ಚು ಬಹಳ ಉಳಿಯುವುದು. ಮಿಲ್ಲರವರ ಅಜ್ಜಿಯ ಸೋದರರಾದ ವಿಲಿಯಂ ಅರ್ವಿನ್ ಎಂಬವರು ತಮ್ಮ ಚಾಲಕನ ಬುದ್ಧಿಯಲ್ಲಿ ನಂಬಿಕೆಯಿಟ್ಟು ಬಂಡವಾಳವನ್ನು ಒದಗಿಸಲು, 1919ರಲ್ಲಿ ಕಮಿನ್ಸ್ ಎಂಜಿನ್ ಕಂಪೆನಿಯು ಆರಂಭವಾಯಿತು. ಕಂಪೆನಿಗೆ ಇಟ್ಟ ಹೆಸರು ಹಣವಿಟ್ಟ ಧಣಿಯದಲ್ಲ, ಕೆಲಸ ಬಲ್ಲ ಆಳಿನದು ಎಂಬುದನ್ನು ಗಮನಿಸಬೇಕು. 1930ರ ಜನವರಿಯಲ್ಲಿ ಕಮಿನ್ಸನು ಕಾರೊಂದಕ್ಕೆ ತನ್ನ ಡೀಸಲ್ ಎಂಜಿನನ್ನು ಜೋಡಿಸಿ, ಇಂಡಿಯಾನಾಪೊಲಿಸಿನಿಂದ ನ್ಯೂಯಾರ್ಕಿನವರೆಗೆ ಸುಮಾರು 800 ಮೈಲಿಗಳನ್ನು ಕೇವಲ 1 ಡಾಲರು 38 ಸೆಂಟಿನ ಎಣ್ಣೆಯಿಂದ ಕ್ರಮಿಸಿದನು. ಜನರು ಬೆರಗಾದರು, ಆದರೂ ಕೊಳ್ಳುವವರು ಬೇಗನೆ ಬರಲಿಲ್ಲ. ಕಂಪೆನಿಯು ಹುಟ್ಟಿ ಹದಿನೆಂಟು ವರ್ಷಗಳಾದ ಮೇಲೆ, 1937ರಲ್ಲಿ, ಮೊದಲ ಬಾರಿಗೆ ಲಾಭವನ್ನು ಕಂಡಿತು. ಅಷ್ಟು ಕಾಲವೂ ಆ ಕುಟುಂಬದವರು ನಷ್ಟವನ್ನು ಹೊತ್ತುಕೊಂಡೇ ನಡೆದರು.

ಇತ್ತ ಅರ್ವಿನ್ ಮಿಲ್ಲರವರು ಯೇಲ್ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಅಭ್ಯಾಸ ಮಾಡಿ 1931ರಲ್ಲಿ ಪದವೀಧರರಾದರು. ಅನಂತರ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಓದನ್ನು ಮುಂದುವರಿಸಿದರು. ಎಂಜಿನುಗಳ ವಿದ್ಯೆಯನ್ನು ಅವರು ಯಾವ ಕಾಲೇಜಿನಲ್ಲಿಯೂ ಕಲಿತವರಲ್ಲ. ಹೊಸ ಒಡಂಬಡಿಕೆಯನ್ನು ಮೂಲ ಗ್ರೀಕ್ ಭಾಷೆಯಲ್ಲಿ ಓದುವುದೂ ಪಿಟೀಲಿನಲ್ಲಿ ಬಾಖ್ ಎಂಬ ಸಂಗೀತಾಚಾರ್ಯನ ಕೃತಿಗಳನ್ನು ನುಡಿಸುವುದೂ ಅವರಿಗೆ ಜೀವನವಿಡೀ ಪ್ರಿಯವಾಗಿದ್ದವು. 1934ರಲ್ಲಿ, ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಿಂದ ನರಳುತ್ತಿದ್ದ ಕಾಲದಲ್ಲಿ, 25 ವರ್ಷದ ಈ ತರುಣರು ಇನ್ನೂ ಲಾಭವನ್ನೇ ಕಾಣದ ಆ ಕಂಪೆನಿಗೆ ಜನರಲ್ ಮ್ಯಾನೇಜರಾಗಿ ಬಂದರು. ಎರಡನೆಯ ಮಹಾಯುದ್ಧದಲ್ಲಿ ನೌಕಾಸೇನೆಯನ್ನು ಸೇರಿ ಪೆಸಿಫಿಕ್ ಸಾಗರದಲ್ಲಿ ಸೇವೆ ಸಲ್ಲಿಸಿದರು. 1943ರಲ್ಲಿ, ಅದೇ ಕಂಪೆನಿಯಲ್ಲಿ ಕೆಲಸ ಮಾಡಿದ್ದ ಜೀನಿಯಾ ಸೈಮನ್ಸ್ ಎಂಬವರನ್ನು ವಿವಾಹವಾದರು. 1951ರಿಂದ 1977ರ ವರೆಗೆ ಕಂಪೆನಿಯ ಅಧ್ಯಕ್ಷ ಪೀಠದಲ್ಲಿದ್ದರು.

ಅವರ ಆಡಳಿತದಲ್ಲಿ ಕಂಪೆನಿಯು ಬಹಳವಾಗಿ ಬೆಳೆಯಿತು. ಯುದ್ಧಾನಂತರ ಅಮೆರಿಕದಲ್ಲಿ ಹೆದ್ದಾರಿಗಳು ಹೆಚ್ಚಿದವು. ಸರಕು ಸಾಗಣೆಯ ಭಾರಿ ಲಾರಿಗಳಿಗೆ ಎಣ್ಣೆಯಲ್ಲಿ ಮಿತವಾದ ಎಂಜಿನು ಬೇಕಾಯಿತು. ಭಾರಿ ಲಾರಿಗಳ ಡೀಸಲ್ ಎಂಜಿನುಗಳಲ್ಲಿ ಕಮಿನ್ಸ್ ಕಂಪೆನಿಯು ದೇಶದಲ್ಲಿಯೇ ಅಗ್ರಸ್ಥಾನಕ್ಕೇರಿತು. 1956ರಲ್ಲಿ ಸ್ಕಾಟ್‌ಲೆಂಡಿನ ಷಾಟ್ಸ್ ಎಂಬಲ್ಲಿ ಅದರ ಕಾರ್ಖಾನೆಯು ಆರಂಭವಾಯಿತು. ಕೆಲಸಗಾರರ ವಿಷಯದಲ್ಲಿಯೂ ಮಿಲ್ಲರವರ ದೃಷ್ಟಿ ಇತರ ಧಣಿಗಳ ದೃಷ್ಟಿಗಿಂತ ಬೇರೆಯಾಗಿದ್ದಿತು. 1930ರ ದಶಕದಲ್ಲಿ ಅನೇಕ ಕಾರ್ಖಾನೆಗಳ ಒಡೆಯರು ಕಾರ್ಮಿಕ ಸಂಘಗಳನ್ನು ಶತ್ರುಗಳಂತೆ ಕಾಣುತ್ತಿದ್ದಾಗ, ಕಮಿನ್ಸ್ ಕೆಲಸಗಾರರು ಕಟ್ಟಿಕೊಂಡ ಸಂಘವನ್ನು ಅವರು ಒಪ್ಪಿಕೊಂಡರು. ಮ್ಯಾನೇಜರುಗಳ ಕಿವಿಗೆ ಬೇರೆ ಯಾರೂ ಹಾಕದ ಸತ್ಯವನ್ನು ಸಂಘವು ಹೇಳುವುದೆಂಬುದು ಅವರ ಅಭಿಪ್ರಾಯ. ತಮ್ಮ ಮಾತಿಗೆ ಎದುರಾಡಬಲ್ಲವರು ಬಳಿಯಲ್ಲಿರಬೇಕೆಂಬ ಈ ಗುಣವೇ ಮುಂದೆ ಅವರ ದಾನಧರ್ಮದಲ್ಲಿಯೂ ಕಾಣಿಸಿಕೊಂಡಿತು.

ಊರಿನ ಕಟ್ಟಡಗಳ ಕಥೆಯು ಒಂದು ದೇವಾಲಯದಿಂದ ಪ್ರಾರಂಭವಾಗುತ್ತದೆ. ಕುಟುಂಬದವರು ಕೂಡುತ್ತಿದ್ದ ಕ್ರೈಸ್ತ ಸಭೆಗೆ ಹೊಸ ಆಲಯವನ್ನು ಕಟ್ಟಬೇಕಾದಾಗ, ಫಿನ್ಲೆಂಡಿನಿಂದ ಬಂದು ನೆಲಸಿದ್ದ ಎಲಿಯೆಲ್ ಸಾರಿನೆನ್ ಎಂಬ ಪ್ರಸಿದ್ಧ ಶಿಲ್ಪಿಯನ್ನು ಕರೆಸಿದರು. ಮಿಲ್ಲರವರ ತಾಯಿ ನೆಟ್ಟಿಯಮ್ಮನವರು ಆ ಶಿಲ್ಪಿಗೆ ತಮ್ಮ ಅಪೇಕ್ಷೆಯನ್ನು ತಿಳಿಸಿದ ರೀತಿ ಸ್ಮರಣೀಯವಾದುದು. ನಮ್ಮದು ಎಲ್ಲ ಬಗೆಯ ಜನರಿರುವ ಸಣ್ಣ ಊರು. ಆಲಯವನ್ನು ಕಂಡವರಿಗೆ ಇದಕ್ಕೆಷ್ಟು ಖರ್ಚಾಯಿತೋ ಎಂಬ ಯೋಚನೆ ಮೊದಲು ಬರಬಾರದು. ಊರಿನ ಅತಿ ಬಡ ಹೆಂಗಸೂ ಅಲ್ಲಿ ಸಂಕೋಚಪಡದೆ ಕುಳಿತುಕೊಳ್ಳುವಂತಿರಬೇಕು, ಎಂಬುದೇ ಅವರ ಅಭಿಪ್ರಾಯದ ಸಾರ. 1942ರಲ್ಲಿ ಪೂರ್ತಿಯಾದ ಆ ಆಲಯವು ಶೃಂಗಾರವಿಲ್ಲದ ಚೌಕಾಕಾರದ ಇಟ್ಟಿಗೆಯ ಗೋಪುರದೊಡನೆ ಇಂದಿಗೂ ನಿಂತಿದೆ. ಆ ಬಗೆಯ ಹೊಸ ಆಕಾರವು ಅಂದು ಎಲ್ಲರಿಗೂ ಹಿಡಿಸಿತೆಂದು ಹೇಳಲಾಗದು. ಆದರೆ ಕಟ್ಟಡವೆಂಬುದು ವೈಭವವನ್ನು ತೋರಿಸುವುದಕ್ಕಲ್ಲ, ಅದರೊಳಗೆ ಬರುವವರ ಗೌರವಕ್ಕಾಗಿ ಎಂಬ ಪಾಠವನ್ನು ಮಗನು ತಾಯಿಯಿಂದಲೇ ಕಲಿತಿರಬೇಕು.

ಯುದ್ಧ ಮುಗಿದ ಮೇಲೆ ಊರಿನಲ್ಲಿ ಮಕ್ಕಳ ಸಂಖ್ಯೆ ಒಮ್ಮೆಲೇ ಏರಿತು. ಶಾಲೆಗಳು ಸಾಲದಾದವು. ಶಾಲಾ ಮಂಡಲಿಯವರು ಅವಸರದಲ್ಲಿ, ಅಗ್ಗದಲ್ಲಿ, ಎಲ್ಲಿಯೋ ಸಿದ್ಧಪಡಿಸಿದ ಭಾಗಗಳನ್ನು ತಂದು ಜೋಡಿಸಿದಂತಹ ಕಟ್ಟಡಗಳನ್ನು ಕಟ್ಟಿಸತೊಡಗಿದರು. ಅಗ್ಗವಾದುದು ಕೊನೆಗೆ ತುಟ್ಟಿಯಾಗುವುದೆಂದೂ ಕೀಳು ಕಟ್ಟಡದಲ್ಲಿ ಬೆಳೆದ ಮಕ್ಕಳು ಕೀಳಾದುದಕ್ಕೇ ಒಗ್ಗಿಹೋಗುವರೆಂದೂ ಮಿಲ್ಲರವರು ಯೋಚಿಸಿದರು. ಮನಸ್ಸು ಮಾಡಿದ್ದರೆ ಒಂದು ಭವ್ಯವಾದ ಶಾಲೆಯನ್ನು ತಾವೇ ಕಟ್ಟಿಸಿ, ಬಾಗಿಲಿನ ಮೇಲೆ ತಮ್ಮ ಹೆಸರನ್ನು ಕೆತ್ತಿಸಬಹುದಾಗಿದ್ದಿತು. ಅವರು ಹಾಗೆ ಮಾಡಲಿಲ್ಲ. ಕಂಪೆನಿಯ ಧರ್ಮನಿಧಿಯ ಮೂಲಕ ಶಾಲಾ ಮಂಡಲಿಗೆ ಒಂದು ಸಲಹೆಯನ್ನು ಮುಂದಿಟ್ಟರು.

ಆ ಸಲಹೆಯ ಕ್ರಮ ಹೀಗಿದ್ದಿತು. ಕಟ್ಟಡದ ಖರ್ಚನ್ನು ಎಂದಿನಂತೆ ಜನರ ತೆರಿಗೆಯಿಂದ ಮಂಡಲಿಯೇ ಭರಿಸಬೇಕು. ಶಿಲ್ಪಿಗೆ ಸಲ್ಲುವ ಸಂಭಾವನೆಯನ್ನು ಮಾತ್ರ ಧರ್ಮನಿಧಿಯು ಕೊಡುವುದು. ಅದಕ್ಕೆ ಪ್ರತಿಯಾಗಿ ಮಂಡಲಿಯು ದೇಶದ ಉತ್ತಮ ಶಿಲ್ಪಿಗಳ ಹೆಸರುಗಳುಳ್ಳ ಒಂದು ಪಟ್ಟಿಯಿಂದ ಒಬ್ಬರನ್ನು ಆರಿಸಿಕೊಳ್ಳಬೇಕು. ಆರಿಸುವವರು ಮಂಡಲಿಯವರು, ಶಾಲೆ ಹೇಗಿರಬೇಕೆಂದು ಶಿಲ್ಪಿಯೊಡನೆ ಚರ್ಚಿಸುವವರೂ ಅವರೇ, ವೆಚ್ಚದ ಮಿತಿಯನ್ನು ಗೊತ್ತುಮಾಡುವವರೂ ಅವರೇ. ನಕಾಶೆಯಲ್ಲಿ ದಾನಿಯು ಕೈಯಾಡಿಸುವಂತಿಲ್ಲ. ಬೇಡವೆನ್ನುವ ಸ್ವಾತಂತ್ರ್ಯವೂ ಮಂಡಲಿಗೆ ಇದ್ದಿತು.

ಈ ಏರ್ಪಾಡಿನಿಂದ ಹುಟ್ಟಿದ ಮೊದಲನೆಯ ಶಾಲೆಯು 1957ರಲ್ಲಿ ತೆರೆಯಿತು. ಅದರ ಶಿಲ್ಪಿ ಷಿಕಾಗೊ ನಗರದ ಹ್ಯಾರಿ ವೀಸ್. ಲಿಲಿಯನ್ ಷ್ಮಿಟ್ ಪ್ರಾಥಮಿಕ ಶಾಲೆಯೆಂದು ಅದಕ್ಕೆ ಹೆಸರಾಯಿತು. 1960ರಲ್ಲಿ ಮೇಬಲ್ ಮೆಕ್‌ಡೊವೆಲ್ ಪ್ರಾಥಮಿಕ ಶಾಲೆಯು ಎದ್ದಿತು. 1967ರಲ್ಲಿ ಗುನ್ನಾರ್ ಬಿರ್ಕರ್ಟ್ಸ್ ಎಂಬವರು ಲಿಂಕನ್ ಪ್ರಾಥಮಿಕ ಶಾಲೆಯನ್ನು ನಿರ್ಮಿಸಿದರು. 1969ರಲ್ಲಿ ಎಲಿಯಟ್ ನೋಯ್ಸ್ ಎಂಬವರು ದಕ್ಷಿಣ ಭಾಗದ ಮಾಧ್ಯಮಿಕ ಶಾಲೆಯನ್ನು ಕಟ್ಟಿದರು. ಮುಂದೆ ಈ ನೆರವು ಇತರ ಸಾರ್ವಜನಿಕ ಕಟ್ಟಡಗಳಿಗೂ ದೊರಕಿತು. ಬೆಂಕಿ ಆರಿಸುವವರ ಠಾಣೆಯೊಂದಕ್ಕೆ ರಾಬರ್ಟ್ ವೆಂಟೂರಿಯಂತಹ ಹೆಸರಾಂತ ಶಿಲ್ಪಿಯು ನಕಾಶೆ ಬರೆದರೆಂದರೆ ನೋಡಿರಿ! ಚೀನಾದಲ್ಲಿ ಜನಿಸಿದ ಐ. ಎಂ. ಪೇ ಅವರು 1969ರಲ್ಲಿ ಊರಿನ ಪುಸ್ತಕಭಂಡಾರವನ್ನು ನಿರ್ಮಿಸಿದರು. ಅದಕ್ಕೆ ದೀರ್ಘಕಾಲ ಅಲ್ಲಿ ಗ್ರಂಥಪಾಲಕಿಯಾಗಿ ದುಡಿದ ಕ್ಲಿಯೊ ರಾಜರ್ಸ್ ಎಂಬಾಕೆಯ ಹೆಸರನ್ನಿಟ್ಟರು. ಮೊದಲ ಶಾಲೆಗಳೆರಡರ ಹೆಸರುಗಳೂ ಸ್ತ್ರೀಯರವೇ ಆಗಿವೆ. ಕಂಪೆನಿಯ ಹಣದ ನೆರವಿನಿಂದ ಎದ್ದ ಈ ಕಟ್ಟಡಗಳ ಮೇಲೆ ಒಡೆಯರ ಹೆಸರಿಲ್ಲದೆ ಇಂತಹವರ ಹೆಸರುಗಳಿರುವುದು ನಮ್ಮ ವಾಚಕಿಯರಿಗೆ ಸಂತೋಷವನ್ನುಂಟುಮಾಡುವ ವಿಷಯವೇ ಸರಿ. ಅಮೆರಿಕದ ಶಿಲ್ಪಿಗಳ ಸಂಘದವರು ಉತ್ತಮ ಕಟ್ಟಡಗಳ ನಗರಗಳನ್ನು ಎಣಿಸುವಾಗ ಷಿಕಾಗೊ, ನ್ಯೂಯಾರ್ಕ್ ಮೊದಲಾದ ಮಹಾನಗರಗಳ ಸಾಲಿನಲ್ಲಿ ಈ ಚಿಕ್ಕ ಪಟ್ಟಣಕ್ಕೆ ಆರನೆಯ ಸ್ಥಾನವನ್ನು ಕೊಟ್ಟರು.

ಇದರಲ್ಲಿ ಕಂಪೆನಿಯ ಸ್ವಾರ್ಥವೇನೂ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದ್ದಿತು, ಮಿಲ್ಲರವರು ಅದನ್ನು ಮರೆಮಾಚಲಿಲ್ಲ. ದೂರದ ದೊಡ್ಡ ನಗರಗಳಿಂದ ಬುದ್ಧಿವಂತರಾದ ಎಂಜಿನಿಯರುಗಳು ಸಂಸಾರಸಮೇತರಾಗಿ ಬಂದು ಒಂದು ಚಿಕ್ಕ ಊರಿನಲ್ಲಿ ನೆಲಸಬೇಕಾದರೆ ಅಲ್ಲಿ ಅವರ ಮಕ್ಕಳಿಗೆ ಒಳ್ಳೆಯ ಶಾಲೆಗಳಿರಬೇಕಷ್ಟೆ. ಊರಿನ ಹಿತವೂ ಕಂಪೆನಿಯ ಹಿತವೂ ದೂರದಲ್ಲಿ ಒಂದೇ ಎಂಬುದು ಅವರ ನಂಬಿಕೆ. ಕಂಪೆನಿಯು ತೆರಿಗೆಗೆ ಮುಂಚಿನ ಲಾಭದಲ್ಲಿ ನೂರಕ್ಕೆ ಐದರಂತೆ ಸತ್ಕಾರ್ಯಗಳಿಗೆ ಮೀಸಲಿಡುವ ಪದ್ಧತಿಯನ್ನು ಅವರು ಬೆಳೆಸಿದರು. ಇಷ್ಟಾದರೂ ಒಂದೇ ಕಂಪೆನಿಯನ್ನು ನೆಚ್ಚಿ ಬಾಳುವ ಊರಿಗೆ ಅಪಾಯವಿದ್ದೇ ಇದೆ. ಕಂಪೆನಿಯು ಕೈಬಿಟ್ಟರೆ ಊರಿನ ಗತಿಯೇನು?

ಆ ಪರೀಕ್ಷೆಯ ಕಾಲವೂ ಬಂದಿತು. 1989ರಲ್ಲಿ ಬ್ರಿಟನ್ನಿನ ಹ್ಯಾನ್ಸನ್ ಎಂಬ ದೊಡ್ಡ ಕಂಪೆನಿಯು ಕಮಿನ್ಸ್ ಕಂಪೆನಿಯ ಷೇರುಗಳನ್ನು ಕೊಂಡುಕೊಂಡಿತು. ಬೇರೆ ಕಂಪೆನಿಗಳನ್ನು ವಶಪಡಿಸಿಕೊಂಡು ಅವುಗಳ ಭಾಗಗಳನ್ನು ಮಾರಿಬಿಡುವುದರಲ್ಲಿ ಅದು ಹೆಸರಾದುದು. ಊರಿನವರು ಕಳವಳಗೊಂಡರು. ಆಗ ಮಿಲ್ಲರವರಿಗೆ 80 ವರ್ಷ. ಅಧ್ಯಕ್ಷಪದವಿಯನ್ನು ಬಿಟ್ಟು ಹನ್ನೆರಡು ವರ್ಷಗಳಾಗಿದ್ದವು. ಅವರೂ ಅವರ ಸೋದರಿ ಕ್ಲೆಮೆಂಟೈನ್ ಅವರೂ ಮುಂದೆ ಬಂದು, ಕುಟುಂಬದ ಸ್ವಂತ ಹಣದಿಂದ 7 ಕೋಟಿ 20 ಲಕ್ಷ ಡಾಲರುಗಳನ್ನು ತೆತ್ತು ಆ ಷೇರುಗಳನ್ನು ಬಿಡಿಸಿಕೊಂಡರು. ಪೇಟೆಯ ಧಾರಣೆಗಿಂತ ಹೆಚ್ಚಿನ ಬೆಲೆ ಅದು. ಲಾಭನಷ್ಟದ ಲೆಕ್ಕವನ್ನು ಮಾತ್ರ ನೋಡುವವರಿಗೆ ಇದು ಬುದ್ಧಿಗೇಡಿತನವೆಂದು ತೋರಬಹುದು. ಮಿಲ್ಲರವರ ಲೆಕ್ಕದಲ್ಲಾದರೋ ಕೆಲಸಗಾರರೂ ಊರೂ ಸೇರಿದ್ದವು.

ಅವರ ಸಾರ್ವಜನಿಕ ಸೇವೆಯು ಊರಿನ ಎಲ್ಲೆಯೊಳಗೆ ನಿಲ್ಲಲಿಲ್ಲ. 1950ರಲ್ಲಿ ಅಮೆರಿಕದ ಅನೇಕ ಪ್ರೊಟೆಸ್ಟಂಟ್ ಹಾಗೂ ಆರ್ಥೊಡಾಕ್ಸ್ ಸಭೆಗಳು ಕೂಡಿ ರಾಷ್ಟ್ರೀಯ ಕ್ರೈಸ್ತ ಸಭಾಮಂಡಲಿಯನ್ನು ಸ್ಥಾಪಿಸಿದಾಗ ಮಿಲ್ಲರವರು ಅದರಲ್ಲಿ ಭಾಗವಹಿಸಿದರು. 1960ರಿಂದ 1963ರ ವರೆಗೆ ಅದರ ಅಧ್ಯಕ್ಷರಾದರು. ಬೋಧಕದೀಕ್ಷೆಯಿಲ್ಲದ ಗೃಹಸ್ಥರೊಬ್ಬರು ಆ ಪೀಠವನ್ನೇರಿದುದು ಅದೇ ಮೊದಲು. ನೀಗ್ರೋ ಜನರು ಸಮಾನ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕಾಲವದು. ಬಿಳಿಯರ ಸಭೆಗಳಲ್ಲಿ ಬಹುಮಂದಿ ಈ ವಿಷಯದಲ್ಲಿ ಬಾಯಿ ತೆರೆಯಲು ಹಿಂಜರಿಯುತ್ತಿದ್ದರು. 1963ರ ಜೂನಿನಲ್ಲಿ ಮಂಡಲಿಯು ಧರ್ಮ ಹಾಗೂ ಜನಾಂಗಗಳ ವಿಷಯವಾಗಿ ಒಂದು ಆಯೋಗವನ್ನು ನೇಮಿಸಿತು. ಮಿಲ್ಲರವರು ಅಧ್ಯಕ್ಷ ಕೆನಡಿಯವರನ್ನು ಕಂಡು ಈ ಪ್ರಶ್ನೆಯನ್ನು ಚರ್ಚಿಸಿದರು. ಅದೇ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮುಂತಾದವರ ನೇತೃತ್ವದಲ್ಲಿ 2 ಲಕ್ಷಕ್ಕೂ ಮಿಕ್ಕ ಜನರು ಸೇರಿದ ಮಹಾಮೆರವಣಿಗೆಗೆ ಮಂಡಲಿಯು ಬೆಂಬಲವಿತ್ತಿತು. ಮರುವರ್ಷ ಜುಲೈ 2ರಂದು ಸಮಾನ ನಾಗರಿಕ ಹಕ್ಕುಗಳ ಕಾನೂನು ಜಾರಿಗೆ ಬಂದಿತು. ಅದಕ್ಕಾಗಿ ಶಾಸನಸಭೆಯ ಸದಸ್ಯರ ಮನವೊಲಿಸುವುದರಲ್ಲಿ ಸಭೆಗಳ ಪ್ರಯತ್ನವು ಬಹಳವಾಗಿ ನೆರವಾಯಿತು. 1967ರ ಅಕ್ಟೋಬರಿನಲ್ಲಿ ಎಸ್ಕ್ವೈರ್ ಎಂಬ ಮಾಸಪತ್ರಿಕೆಯು ತನ್ನ ಮುಖಪುಟದಲ್ಲಿ ಅವರ ಚಿತ್ರವನ್ನಚ್ಚಿಸಿ, ದೇಶದ ಮುಂದಿನ ಅಧ್ಯಕ್ಷರಾಗಲು ಇವರೇ ತಕ್ಕವರೆಂದು ಸಾರಿತು. ಅವರು ಆ ಪದವಿಗೆ ಸ್ಪರ್ಧಿಸಲಿಲ್ಲ. ಕೊಲಂಬಸಿನಲ್ಲಿಯೇ ಬಾಳಿ, 2004ನೆಯ ಇಸವಿ ಆಗಸ್ಟ್ 16ರಂದು 95ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ನಮ್ಮ ದೇಶಕ್ಕೂ ಈ ಕಥೆಗೂ ಒಂದು ನಂಟುಂಟು. ಮಿಲ್ಲರವರು ಅಧ್ಯಕ್ಷರಾಗಿದ್ದ ಕಾಲದಲ್ಲಿಯೇ, 1962ರಲ್ಲಿ, ಕಮಿನ್ಸ್ ಕಂಪೆನಿಯು ಕಿರ್ಲೋಸ್ಕರ್ ಮನೆತನದವರೊಡನೆ ಕೂಡಿ ಪುಣೆಯಲ್ಲಿ ಡೀಸಲ್ ಎಂಜಿನುಗಳ ಕಾರ್ಖಾನೆಯನ್ನು ಸ್ಥಾಪಿಸಿತು. ಕಿರ್ಲೋಸ್ಕರರ ಮೂಲಪುರುಷರಾದ ಲಕ್ಷ್ಮಣರಾಯರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಉದ್ಯಮವನ್ನು ಆರಂಭಿಸಿದವರು. ಹರಿಹರದಲ್ಲಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಅವರ ಮನೆತನದ್ದೇ ಆಗಿದ್ದಿತು. ಪುಣೆಯಲ್ಲಿ ಮಹರ್ಷಿ ಕರ್ವೆಯವರು 1896ರಲ್ಲಿ ಸ್ತ್ರೀಯರ ವಿದ್ಯಾಭ್ಯಾಸಕ್ಕಾಗಿ ಸ್ಥಾಪಿಸಿದ ಸಂಸ್ಥೆಯವರು 1991ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಒಂದು ಎಂಜಿನಿಯರಿಂಗ್ ಕಾಲೇಜನ್ನು ತೆರೆದರು. ಅದಕ್ಕೆ ಕಮಿನ್ಸ್ ಸಂಸ್ಥೆಯ ನೆರವು ದೊರೆಯಿತು. ಕಾಲೇಜು ಆ ಹೆಸರನ್ನೇ ಹೊತ್ತಿದೆ. ಎಂಟನೆಯ ತರಗತಿಗೆ ಶಾಲೆಯನ್ನು ಬಿಟ್ಟ ಒಬ್ಬ ಮೋಟಾರು ಚಾಲಕನ ಹೆಸರು, ಸಾವಿರಾರು ಮೈಲಿಗಳಾಚೆ, ಎಂಜಿನಿಯರುಗಳಾಗಿ ಹೊರಡುವ ಕನ್ಯೆಯರ ಪದವಿಪತ್ರದಲ್ಲಿ ಕಾಣಿಸುವುದು ಎಂತಹ ವಿಚಿತ್ರ!

ಮಾತಾಪಿತೃಗಳೂ ಹಳೆಯ ವಿದ್ಯಾರ್ಥಿನಿಯರೂ ಈ ಚರಿತ್ರೆಯಿಂದ ಗ್ರಹಿಸಬೇಕಾದುದೇನು? ಕೋಟ್ಯಂತರ ಡಾಲರುಗಳು ನಮ್ಮಲ್ಲಿಲ್ಲ. ಆದರೆ ಹಳೆಯ ಶಾಲೆಗೆ ಒಂದು ಕಪಾಟನ್ನೋ ಒಂದು ವಿದ್ಯಾರ್ಥಿವೇತನವನ್ನೋ ಕೊಡುವ ಪ್ರಸಂಗವು ನಮ್ಮಲ್ಲಿ ಅನೇಕರಿಗೆ ಬರುವುದು. ಆಗ ಮಿಲ್ಲರವರ ಕ್ರಮವನ್ನು ಜ್ಞಾಪಿಸಿಕೊಳ್ಳೋಣ. ಕೊಡುವುದು ಉತ್ತಮವಾದುದಾಗಿರಲಿ; ಕಲಿಸುವವರೂ ನಡೆಸುವವರೂ ತಮ್ಮ ವಿವೇಕದಂತೆ ಅದನ್ನು ಬಳಸಲು ಬಿಡೋಣ; ಪಡೆದವರೂ ತಮ್ಮ ಪಾಲಿನ ಭಾರವನ್ನು ತಾವೇ ಹೊರುವಂತಾಗಲಿ. ಶಿಲ್ಪಿಯ ಸಂಭಾವನೆಯನ್ನು ದಾನಿಯು ಕೊಟ್ಟನು. ಗೋಡೆಯ ಇಟ್ಟಿಗೆಗಳಿಗೆ ಊರಿನವರೇ ಹಣ ತೆತ್ತರು. ಆದುದರಿಂದಲೇ ಆ ಶಾಲೆಗಳನ್ನು ಕೊಲಂಬಸಿನ ಜನರು ದಾನಿಯ ಶಾಲೆಗಳೆನ್ನದೆ ನಮ್ಮ ಶಾಲೆಗಳೆಂದು ಕರೆಯಬಲ್ಲರು.